ಅಲಮಾರಿಯಲ್ಲಿದೆ ಎಂದ ಸಿಡಿ

ಕಾಶಿರಾಯ ಮಾಸ್ತರು ಕುರ್ಚಿಯನ್ನು ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತಿದ್ದರು. ಬೇಕೆಂದು ಮಾಡಿದ್ದಲ್ಲ ಪಾಪ, ಆ ಕೋಣೆಯಲ್ಲಿ ಎರಡನೆಯ ಕುರ್ಚಿಗೆ ಜಾಗ ಇದ್ದದ್ದು ಅಲ್ಲಿ ಮಾತ್ರ. ಆದರೆ ನಾನು ಹೊರಗೆ ಹೋಗಬೇಕೆಂದರೆ ಅವರನ್ನು ಎಬ್ಬಿಸಿಯೇ ಹೋಗಬೇಕು. ಬೆಳಿಗ್ಗೆ ಹತ್ತರಿಂದ ಎರಡು ಸಲ ಎಬ್ಬಿಸಿದ್ದೆ. ಎರಡೂ ಸಲ ಅವರು ದಡಬಡಿಸಿ ಎದ್ದು, "ಆಯ್ತೇನ್ರಿ ಬಂಡೂರಾವ್?" ಎಂದು ಕೇಳಿದ್ದರು. ಮೂರನೆಯ ಸಲ ಎಬ್ಬಿಸುವ ಧೈರ್ಯ ನನಗಿರಲಿಲ್ಲ.

ಊರು ಕಮಲಾಪುರ, ಎರಡು ಸಾವಿರದ ಮೂರನೇ ಇಸವಿಯ ಡಿಸೆಂಬರ್. ಭೀಮಶಾನ ಟೈಪಿಂಗ್ ಸೆಂಟರ್ ಎಂದರೆ ಅವನ ಮನೆಯ ಮುಂದಿನ ಕೋಣೆ, ಒಂದೇ ಒಂದು ಕಂಪ್ಯೂಟರ್. ಗುಲ್ಬರ್ಗಾದ ಸ್ಟೇಶನ್ ಬಜಾರದಲ್ಲಿ ನನ್ನದು ರಿಪೇರಿ ಅಂಗಡಿ. ಆ ಮಷಿನ್ನು ಜೋಡಿಸಿ ಕೊಟ್ಟವನೂ ನಾನೇ, ಕೆಟ್ಟಾಗ ಓಡಿ ಬರುವವನೂ ನಾನೇ. ಹಿಂದಿನ ದಿನ ಅದು ಚಾಲೂ ಆಗುವುದನ್ನು ನಿಲ್ಲಿಸಿತ್ತು. ಅದರ ಹೊಟ್ಟೆಯೊಳಗೆ ಕಾಶಿರಾಯ ಮಾಸ್ತರ ಏಳು ವರ್ಷ ಇತ್ತು.

ಮಾಸ್ತರು ಮಹಾಗಾಂವದವರು, ಅಲ್ಲಿಯ ಶಾಲೆಯಲ್ಲೇ ಕನ್ನಡ ಕಲಿಸುತ್ತಿದ್ದರು. ಊರ ಸುತ್ತಲಿನ ಹಳೆಯ ಬಾವಿಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದರು. ಸೈಕಲ್ ಹೊಡೆದುಕೊಂಡು ಹೋಗಿ, ಹಗ್ಗ ಇಳಿಬಿಟ್ಟು ಆಳ ಅಳೆದು, ಯಾವ ಬಾವಿ ಯಾರು ತೋಡಿಸಿದ್ದು, ಯಾರ ಕೊಡ ಅದಕ್ಕೆ ಇಳಿಯಬಹುದಿತ್ತು, ಯಾರದು ಇಳಿಯಬಾರದಿತ್ತು ಎಂದು ಮುದುಕರ ಬಾಯಿಂದ ಕೇಳಿ ಬರೆದದ್ದು. ಅರ್ಧ ಬಾವಿಗಳು ಈಗ ಮುಚ್ಚಿಹೋಗಿವೆ, ಹೇಳಿದ ಮುದುಕರೂ ಹೋಗಿದ್ದಾರೆ. ಯೂನಿವರ್ಸಿಟಿಯವರು ಎರಡು ಸಲ ಅವಧಿ ಹೆಚ್ಚಿಸಿ ಕೊಟ್ಟಿದ್ದರು. ಇನ್ನು ಹೆಚ್ಚಿಸುವುದಿಲ್ಲ. ನಾಳೆ ಸಂಜೆ ಐದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಹೆಸರು ಹೊಡೆದುಹಾಕುತ್ತಾರೆ.

ನಾನು ತಂದಿದ್ದು ರಿಪೇರಿ ಸಿಡಿ. ಕಂಪ್ಯೂಟರಿನ ಸ್ವಂತ ಡಿಸ್ಕು ಕೈಕೊಟ್ಟಾಗ ಈ ಸಿಡಿ ಹಾಕಿದರೆ ಮಷಿನ್ನು ಸಿಡಿಯಿಂದಲೇ ಏಳುತ್ತದೆ, ಆಮೇಲೆ ಡಿಸ್ಕಿನಲ್ಲಿ ಉಳಿದದ್ದನ್ನು ಎತ್ತಿಕೊಳ್ಳಬಹುದು. ಹಿಂದಿನ ದಿನ ಅಂಗಡಿಯಲ್ಲಿ ನಾಲ್ಕು ಮಷಿನ್ನಿಗೆ ಹಾಕಿ ನೋಡಿದ್ದೆ, ನಾಲ್ಕರಲ್ಲೂ ಚಕ್ಕನೆ ಎದ್ದಿತ್ತು. ಇಲ್ಲಿ ಮಾತ್ರ ಸಿಡಿ ಒಳಗೆ ಹೋಗುತ್ತಿತ್ತು, ಗಿರ್ರೆಂದು ಎರಡು ಸುತ್ತು ತಿರುಗುತ್ತಿತ್ತು, ಸುಮ್ಮನಾಗುತ್ತಿತ್ತು. ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಣುಕುತ್ತ ನನ್ನನ್ನು ನೋಡುತ್ತಿತ್ತು. ಮೊದಲು ಸಿಡಿಯನ್ನೇ ನೋಡು ಎಂದು ಮಷಿನ್ನಿನ ಸೆಟಪ್ಪಿನಲ್ಲಿ ಹೇಳಿದೆ. ಕೇಬಲ್ ಬದಲಿಸಿದೆ. ಚೀಲದಲ್ಲಿದ್ದ ಇನ್ನೊಂದು ಸಿಡಿ ಹಾಕಿದೆ. ಹಾಳಾದ್ದು ಯಾವುದಕ್ಕೂ ಜಗ್ಗಲಿಲ್ಲ.

"ಬಂಡೂರಾವ್," ಎಂದರು ಮಾಸ್ತರು ಹನ್ನೆರಡರ ಹೊತ್ತಿಗೆ, "ಬಿಡ್ರಿ ಇದ್ರ ಸಂಗ. ನಿಮ್ಮ ಅಲಮಾರ್ಯಾಗ ಕಾಪಿ ಅದಲ್ಲ, ಅದನ್ನೇ ಪ್ರಿಂಟ್ ತಗೋಣು. ನಡೀರಿ ಗುಲ್ಬರ್ಗಾಕ್ಕ."

ಅಯ್ಯೋ ಪಾಂಡುರಂಗಾ! ಬೆಳಿಗ್ಗೆಯಿಂದ ಇದೊಂದು ಮಾತು ಬರಬಾರದು ಎಂದೇ ನಾನು ಬೆವರು ಸುರಿಸುತ್ತಿದ್ದೆ.

ಈಗಲೇ ಹೇಳಿಬಿಡುತ್ತೇನೆ. ಅಲಮಾರಿಯಲ್ಲಿ ಕಾಪಿ ಇರಲಿಲ್ಲ. ದಸರಾಕ್ಕೆ ವಾರ ಮೊದಲು ಮಷಿನ್ನು ಸ್ವಚ್ಛ ಮಾಡಲು ಬಂದಾಗ ಮಾಸ್ತರು, "ನಂದೊಂದು ಕಾಪಿ ತಗದಿಡ್ರಿ" ಎಂದಿದ್ದರು. ಕಾಪಿ ಹಾಕಿಕೊಳ್ಳಲು ಚೀಲದಲ್ಲಿ ಬೇರೆ ಡಿಸ್ಕೂ ಇತ್ತು. ಆದರೆ ಬಸ್ಸಿನ ಹೊತ್ತಾಗಿತ್ತು, ಡಿಸ್ಕನ್ನು ಚೀಲದಿಂದ ತೆಗೆಯಲೇ ಇಲ್ಲ. ಮುಂದಿನ ಸಲ ಮಾಡಿದರಾಯಿತು ಎಂದುಕೊಂಡು, "ಕಾಪಿ ತಗೊಂಡೀನ್ರಿ ಸರ್, ಸಿಡಿಗಿ ಹಾಕಿ ಅಲಮಾರ್ಯಾಗ ಇಡ್ತೀನಿ. ಈ ಮನಿಗಿ ಬೆಂಕಿ ಬಿದ್ರೂ ನಿಮ್ಮ ಬಾವಿಗೋಳು ನನ್ನ ಹತ್ರ ಇರ್ತಾವ" ಎಂದು ಜಂಬ ಕೊಚ್ಚಿದ್ದೆ. ನನ್ನ ನಾಲಿಗೆಗೆ ಮೂಳೆಯಿಲ್ಲ, ಏನು ಮಾಡುವುದು. ಅದನ್ನು ನಂಬಿ ಮಾಸ್ತರು ಕೈಬರಹದ ಕಟ್ಟುಗಳನ್ನು ಮನೆಯವರಿಗೆ ಕೊಟ್ಟುಬಿಟ್ಟಿದ್ದರು. ಅವೆಲ್ಲ ದೀಪಾವಳಿಯ ಹೊತ್ತಿಗೆ ನೀರೊಲೆಗೆ ಹೋಗಿದ್ದವು. ಪ್ರಿಂಟು ಕೊನೆಗೆ ಒಂದೇ ಸಲ ಗುಲ್ಬರ್ಗಾದಲ್ಲಿ ತೆಗೆಸುವುದೆಂದು ಇಟ್ಟುಕೊಂಡಿದ್ದರು.

"ಹಂಗಲ್ರಿ ಸರ್," ಎಂದೆ. "ದಸರಾ ಆದಮ್ಯಾಲ ನೀವು ಭಾಳ ತಿದ್ದೀರಿ. ನನ್ನ ಹತ್ರ ಇರೋದು ಹಳೀದು."

"ತಿದ್ದಿದ್ದು ಹ್ವಾದ್ರ ಹೋಗ್ಲಿ. ಕೈಲೆ ತಿದ್ತೀನಿ."

"ಇನ್ನೊಂದು ತಾಸು ಕೊಡ್ರಿ. ಇಲ್ಲೇ ಸಿಗ್ತದ."

"ಈ ಪೆಟ್ಟಿಗೀನೆ ಟೆಂಪೋದಾಗ ಹಾಕಿ ಒಯ್ಯೋಣಲ್ಲ?" ಎಂದ ಭೀಮಶಾ.

ಒಯ್ದರೆ ಮಾಸ್ತರೂ ಬರುತ್ತಾರೆ. ಬಂದರೆ ಅಲಮಾರಿಯ ಮುಂದೆ ನಿಲ್ಲುತ್ತಾರೆ. "ದಾರ್ಯಾಗ ತಗ್ಗು ದಿನ್ನಿ ಭಾಳ ಅವ, ಡಿಸ್ಕು ಪೂರಾ ಹೋಗ್ತದ" ಎಂದು ಹೆದರಿಸಿದೆ. ಒಂದು ಸುಳ್ಳಿಗೆ ಕಾವಲು ಕೂರಿಸಲು ಇನ್ನೆಷ್ಟು ಸುಳ್ಳು ಹೆರಬೇಕೋ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆ ಸಿಟ್ಟನ್ನು ಸ್ಕ್ರೂ ಡ್ರೈವರಿನ ಮೇಲೆ ತೀರಿಸಿಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟಿಲ್ಲದ ಎರಡು ತಾಸು ಆ ಕೋಣೆಯಲ್ಲಿ ಹೇಗೆ ಕೂತೆನೋ ನನಗೇ ಗೊತ್ತು. ಭೀಮಶಾನ ತಾಯಿ ಮಲ್ಕಮ್ಮ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು, ಹಿಂದೆಯೇ ಎರಡು ಕೆಂಪು ಬಾಳೆಹಣ್ಣು. ನಾನು ಅರ್ಧ ರೊಟ್ಟಿ ಮುರಿದು ತಟ್ಟೆ ಸರಿಸಿದೆ. ಮಾಸ್ತರು ಮಾತ್ರ ಹೊಟ್ಟೆ ತುಂಬ ಉಂಡು, ಒಂದು ಬಾವಿಯ ಕಥೆ ಹೇಳಿದರು. ಮೆಟ್ಟಿಲ ಕಲ್ಲಿನ ಮೇಲೆ ಒಬ್ಬ ಹೆಂಗಸಿನ ಹೆಸರಿತ್ತಂತೆ, ಊರಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲವಂತೆ, ಅವರು ಪಾಚಿ ಕೆರೆದು ಓದಿದರಂತೆ. ಮರುವರ್ಷ ಆ ಬಾವಿಗೆ ಮಣ್ಣು ಹಾಕಿ ಮುಚ್ಚಿದರು. "ಈಗ ಆ ಹೆಸರು ನಿಮ್ಮ ಅಲಮಾರ್ಯಾಗಷ್ಟೇ ಅದ ನೋಡ್ರಿ" ಎಂದು ನಕ್ಕರು. ನಾನೂ ನಕ್ಕೆ. ಎಂಥ ನಗು ಅದು, ಥೂ.

ಕರೆಂಟು ಬಂದಾಗ ಎರಡೂವರೆ. ಉಳಿದದ್ದು ಒಂದೇ ದಾರಿ, ಸಿಡಿ ಡ್ರೈವನ್ನೇ ಬಿಚ್ಚುವುದು. ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಎತ್ತಿದೆ. ಸಿಡಿಯನ್ನು ಓದುವ ಗಾಜಿನ ಕಣ್ಣು ಕಾಣಲಿಲ್ಲ. ಅದರ ಮೇಲೆ ಸಣ್ಣ ಸಣ್ಣ ಒಣ ಎಲೆಗಳು ಕೂತಿದ್ದವು, ಮುಟ್ಟಿದರೆ ಪುಡಿಪುಡಿ. ಸುತ್ತ ಒಂದಿಷ್ಟು ಅರಿಷಿಣ, ಕುಂಕುಮ.

"ಇದೇನಿದು ಭೀಮಶಾ, ತೊಪ್ಪಲ?"

ಅವನು ಬಗ್ಗಿ ನೋಡಿದ. ಬಾಗಿಲ ಹೊರಗೆ ನಿಂತಿದ್ದ ಮಲ್ಕಮ್ಮ ಮಾಸ್ತರ ಹೆಗಲ ಮೇಲಿಂದ ಇಣುಕಿದಳು.

"ಬನ್ನಿ ಅದ, ಅಪ್ಪಾ," ಎಂದಳು. "ನಾನೇ ಇಟ್ಟಿದ್ನಿ. ದಸರಾಕ್ಕ ಬನ್ನಿ ಮುಡದು ಬಂದು ತಿಜೂರ್ಯಾಗ ಇಟ್ನಿ, ಜ್ವಾಳದ ಹಗೇವಿನ್ಯಾಗ ಇಟ್ನಿ. ಮಗನ ಅನ್ನ ಇದ್ರಾಗ ಅದಲ್ಲ ಅಂತ ಇದಕ್ಕೂ ಪೂಜಿ ಮಾಡಿ, ಗುಂಡಿ ಒತ್ತಿದ್ರ ಡ್ರಾ ಹೊರಗ ಬಂತಲ್ಲ, ಅದ್ರಾಗ ಇಟ್ನಿ. ಬಂಗಾರ ಅಲ್ಲೇನು ಬನ್ನಿ?"

ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಸಿಡಿ ಇಡುವ ತಟ್ಟೆಯ ನಡುವಿನ ಸಂದಿಯಿಂದ ಎಲೆ ಕೆಳಗೆ ಜಾರಿ ಕಣ್ಣು ಮುಚ್ಚಿತ್ತು. ಟೈಪಿಂಗಿಗೆ ಸಿಡಿ ಬೇಡ, ಹಾಗಾಗಿ ಎರಡು ತಿಂಗಳು ಯಾರಿಗೂ ತಿಳಿದಿರಲಿಲ್ಲ. ಹತ್ತಿಯಿಂದ ಒರೆಸಿ, ಜೋಡಿಸಿ, ಸಿಡಿ ಹಾಕಿದೆ. ಪರದೆ ನೀಲಿಯಾಯಿತು, ಅಕ್ಷರಗಳು ಸರಸರ ಇಳಿದವು. ಮಾಸ್ತರು ನನ್ನ ಬೆನ್ನು ತಟ್ಟಿದರು. ಬದುಕಿದೆ ಎಂದುಕೊಂಡೆ.

ಡಿಸ್ಕು ತೆರೆದೆ. ಫೈಲುಗಳ ಹೆಸರು ಬಂದವು: ಬಾವಿ ಒಂದು, ಬಾವಿ ಎರಡು, ಬಾವಿ ಮೂರು. ಮೊದಲನೆಯದನ್ನು ಎತ್ತಲು ಹೋದೆ. ಒಳಗಿನಿಂದ ಟಕ್, ಟಕ್, ಟಕ್ ಎಂದಿತು. ಎರಡನೆಯದಕ್ಕೂ ಅದೇ. ಆ ಸದ್ದು ಕೇಳಿದ ರಿಪೇರಿಯವನಿಗೆ ಬೇರೆ ಯಾರೂ ಹೇಳಬೇಕಿಲ್ಲ. ಡಿಸ್ಕು ಸತ್ತಿತ್ತು, ಹೆಸರುಗಳಷ್ಟೇ ಉಳಿದಿದ್ದವು. ಆದರೂ ನಾಲ್ಕರವರೆಗೆ ಒಂದೊಂದನ್ನೂ ಎಳೆದು ನೋಡಿದೆ. ಒಂದೂ ಬರಲಿಲ್ಲ.

"ಹೋತು" ಎಂದೆ.

ಭೀಮಶಾ ತಾಯಿಯ ಮೇಲೆ ಹರಿಹಾಯ್ದ. "ನಿನಗ ಯಾಂವ ಹೇಳಿದ್ದ ಅದ್ರಾಗ ತೊಪ್ಪಲ ತುರಕು ಅಂತ? ಒಬ್ಬ ಮನಷ್ಯಾನ ಏಳು ವರ್ಷ ನುಂಗಿದಿ!" ಹಾಗೆಂದವನೇ ಮೋಟರ್ ಸೈಕಲ್ ಹತ್ತಿ ಹೊಲದ ಕಡೆ ಹೋಗಿಬಿಟ್ಟ. ಮಲ್ಕಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದಳು. ಎಲೆಗೂ ಡಿಸ್ಕಿಗೂ ಸಂಬಂಧವೇ ಇಲ್ಲ. ಎಲೆ ನನ್ನ ಸಿಡಿಯನ್ನು ತಡೆದಿತ್ತೇ ಹೊರತು ಡಿಸ್ಕನ್ನು ಕೊಂದಿರಲಿಲ್ಲ. ಅಷ್ಟು ಹೇಳುವುದಕ್ಕೆ ಒಂದು ನಿಮಿಷ ಸಾಕಿತ್ತು. ಹೇಳಿದರೆ, ಹಾಗಾದರೆ ತಪ್ಪು ಯಾರದು ಎಂಬ ಪ್ರಶ್ನೆ ನನ್ನ ಕಡೆಗೇ ತಿರುಗುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

"ಅಳಬ್ಯಾಡ ಮಲ್ಕಮ್ಮಾ," ಎಂದರು ಮಾಸ್ತರು. "ಏನೂ ಹೋಗಿಲ್ಲ. ಬಂಡೂರಾವ್ ಅವರ ಅಲಮಾರ್ಯಾಗ ಅದ. ರಾತ್ರಿಯೊಳಗ ಪ್ರಿಂಟ್ ಆಗ್ತದ." ನನ್ನ ಚೀಲವನ್ನು ತಾವೇ ಎತ್ತಿಕೊಂಡು ಹೊರಟರು.

ಬಸ್ಸಿನಲ್ಲಿ ನನ್ನನ್ನು ಕಿಟಕಿಯ ಬದಿ ಕೂರಿಸಿ, ತಾವು ಈಚೆ ಕೂತರು. ನಾಳೆ ಯಾವ ಅಂಗಿ ಹಾಕಿಕೊಳ್ಳಬೇಕು, ಗೈಡ್ ಸಾಹೇಬರಿಗೆ ಬಾಳೆಹಣ್ಣು ಒಯ್ದರೆ ತಪ್ಪು ತಿಳಿದಾರೇ ಎಂದೆಲ್ಲ ಕೇಳುತ್ತಿದ್ದರು. ನಾನು ಅಲಮಾರಿಯ ಕೀಲಿ ಕಳೆದಿದೆ ಎನ್ನಲೇ, ಸಿಡಿ ಇಲಿ ಕಡಿದಿದೆ ಎನ್ನಲೇ ಎಂದು ಹುಡುಕುತ್ತಿದ್ದೆ. ಮಹಾಗಾಂವ ಕ್ರಾಸಿನ ಹತ್ತಿರ ಬಸ್ಸು ನಿಧಾನವಾಯಿತು. ಮಾಸ್ತರು ಕಿಸೆಯಿಂದ ಚೀಟಿ ತೆಗೆದು, "ಇಲ್ಲಿ ನೋಡ್ರಿ, ಮೊದಲನೇ ಹಾಳಿಯೊಳಗ ನಿಮ್ಮ ಹೆಸರೂ ಹಾಕೀನಿ. ಉಪಕಾರ ಮಾಡಿದವರು ಅಂತ" ಎಂದರು.

"ಸರ್, ಕಾಪಿ ಇಲ್ಲ," ಎಂದೆ. "ಅಲಮಾರ್ಯಾಗ ಏನೂ ಇಲ್ಲ. ನಾನು ಆವತ್ತು ಮಾಡೇ ಇಲ್ಲ. ಸುಳ್ಳು ಹೇಳಿದ್ದೆ."

ಅವರು ಚೀಟಿಯಲ್ಲಿದ್ದ ನನ್ನ ಹೆಸರನ್ನು ಇನ್ನೊಮ್ಮೆ ನೋಡಿದರು. ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಹೊಡೆದಿದ್ದರೆ ಚೆನ್ನಾಗಿತ್ತು. "ನಂದು ಇರ್ಲಿ," ಎಂದರು. "ಆ ಮುದುಕಿ ಅಳಾಕತ್ತಿದ್ಲಲ್ರಿ. ಆಗಾದ್ರೂ ಬಾಯಿ ಬಿಡಬೇಕಿತ್ತು." ಕಂಡಕ್ಟರನಿಗೆ ತಡೆಯಲು ಹೇಳಿ ಇಳಿದರು. ಗುಲ್ಬರ್ಗಾದಲ್ಲಿ ಅವರಿಗೆ ಇನ್ನು ಕೆಲಸವಿರಲಿಲ್ಲ. ನಾನೂ ಇಳಿದೆ. ಅವರು ತಿರುಗಿ ನೋಡದೆ ಊರ ದಾರಿ ಹಿಡಿದರು.

ಎದುರು ಬಂದ ಟೆಂಪೋ ಹತ್ತಿ ಮತ್ತೆ ಕಮಲಾಪುರಕ್ಕೆ ಬಂದಾಗ ಹೊತ್ತು ಮುಳುಗುತ್ತಿತ್ತು. ಮಲ್ಕಮ್ಮ ಒಬ್ಬಳೇ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಮುಂದೆ ಕೂತು ಎಲ್ಲ ಹೇಳಿದೆ. ಎಲೆಯಿಂದ ಏನೂ ಆಗಿಲ್ಲ, ಡಿಸ್ಕು ತಾನಾಗೇ ಸತ್ತದ್ದು, ಕಾಪಿ ಮಾಡದೆ ಮಾಡಿದ್ದೇನೆಂದು ಹೇಳಿದವನು ನಾನು, ಮಾಸ್ತರದು ಹಾಳು ಮಾಡಿದವನು ನಾನು.

ಅವಳು ಎಲ್ಲ ಕೇಳಿಸಿಕೊಂಡಳು. ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಗಲ್ಲ ಸವರಿ ನೆಟಿಗೆ ಮುರಿದಳು.

"ಯಾರ ಹೊಟ್ಟ್ಯಾಗ ಹುಟ್ಟೀರೋ ಅಪ್ಪಾ," ಎಂದಳು. "ಮಗ ಬೈತಾನಂತ ನನ್ನ ತಪ್ಪು ನಿಮ್ಮ ತಲೀ ಮ್ಯಾಲ ಹಾಕ್ಕೋಳಾಕ ಅಷ್ಟು ದೂರದಿಂದ ಬಂದೀರಿ. ನನ್ನ ಸಲುವಾಗಿ ಸುಳ್ಳು ಹೇಳಬ್ಯಾಡ್ರಿ."

"ಅವ್ವಾ, ಸುಳ್ಳಲ್ಲ. ದೇವರಾಣಿ."

"ದೇವರ ಮ್ಯಾಲ ಯಾಕ ಆಣಿ ಮಾಡ್ತೀರಿ? ನಾನು ಕಣ್ಣಾರೆ ನೋಡಿಲ್ಲೇನು, ತೊಪ್ಪಲ ಒಳಗಿಂದೇ ಬಂತು." ಅವಳು ನನ್ನ ಕೈ ಹಿಡಿದುಕೊಂಡು, ನಾಳೆ ಮಹಾಗಾಂವಕ್ಕೆ ಹೋಗಿ ಮಾಸ್ತರ ಕಾಲು ಹಿಡಿಯುವುದಾಗಿ ಹೇಳಿದಳು.

ಮತ್ತೆ ಮೊದಲಿನಿಂದ ಹೇಳಿದೆ. ಅವಳು ತಲೆಯಾಡಿಸುತ್ತಲೇ ಇದ್ದಳು. ದೊಡ್ಡ ರಸ್ತೆಯಲ್ಲಿ ಗುಲ್ಬರ್ಗಾದ ಕೊನೆಯ ಬಸ್ಸಿನ ಹಾರ್ನು ಕೇಳಿಸಿತು. "ಬಸ್ ಬಂತು, ಹೋಗ್ರಿ ಅಪ್ಪಾ, ಮನ್ಯಾಗ ಕಾಯ್ತಿರ್ತಾರ" ಎಂದಳು.

"ಭೀಮಶಾ ಎಷ್ಟೊತ್ತಿಗಿ ಬರ್ತಾನ?" ಎಂದು ಕೇಳಿದೆ.

"ಕತ್ತಲಾದ ಮ್ಯಾಲ."

ಅವನಿಗಾದರೆ ಡಿಸ್ಕು ಯಾವುದು, ಸಿಡಿ ಯಾವುದು ಎಂದು ಬಿಡಿಸಿ ಹೇಳಿದರೆ ತಿಳಿಯುತ್ತದೆ. ಅವನು ನಂಬುತ್ತಾನೆ, ನಂಬಿದ ಮೇಲೆ ಸುಮ್ಮನೆ ಬಿಡುವವನಲ್ಲ. ಬಸ್ಸು ಹೋಯಿತು. ಚೀಲ ಪಕ್ಕಕ್ಕಿಟ್ಟು ಮುದುಕಿಯ ಜೊತೆ ಹೊಸ್ತಿಲ ಮೇಲೆಯೇ ಕೂತೆ.