ಈಜು ಮೇಷ್ಟರ ಪುಣ್ಯಸ್ನಾನ

ನೀರಿನ ವಿಷಯದಲ್ಲಿ ಈಜು ಮೇಷ್ಟರ ಮುಂದೆ ಯಾರೂ ಬಾಯಿ ಬಿಡುವಂತಿರಲಿಲ್ಲ. ಕೊಳದ ದಂಡೆಯ ಮೇಲೆ ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತು, ಅರ್ಧ ಊರಿಗೆ ಕೈಕಾಲು ಬಡಿಯುವುದನ್ನು ಕಲಿಸಿದ ಮನುಷ್ಯ. ಹಾಗಾಗಿ ಅಕ್ಕ, "ಪುಣ್ಯಕ್ಷೇತ್ರಕ್ಕೆ ಹೋಗಿ ಹೊಳೇಲೊಂದು ಮುಳುಗು ಹಾಕ್ಬೇಕು ಕಣೋ. ನೀರು ಅಂದ್ರೆ ಭಯ, ಜೊತೆಗೆ ಬಾ" ಎಂದಾಗ ಅವರ ಎದೆ ಉಬ್ಬಿತು. ಭಾವ ತೀರಿಕೊಂಡ ಮೇಲೆ ಅಕ್ಕ ಬಾಯಿಬಿಟ್ಟು ಕೇಳಿದ ಮೊದಲ ಆಸೆ ಅದು.

ರೈಲಿನಲ್ಲಿ ಕೂತಲ್ಲೇ ಪಾಠ ಶುರುವಾಯಿತು. ಉಸಿರು ಹೇಗೆ ಹಿಡಿಯಬೇಕು, ಮೂಗು ಯಾವಾಗ ಮುಚ್ಚಬೇಕು, ಹೆದರಿದವರ ತಲೆಯ ಮೇಲೆ ಹೊಳೆ ಹೇಗೆ ಹತ್ತಿ ಕೂರುತ್ತದೆ. ಅಕ್ಕ ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದಳು. ಎದುರು ಸೀಟಿನವರು ಮಾತ್ರ ತಪ್ಪಿಸಿಕೊಳ್ಳಲು ಜಾಗವಿಲ್ಲದೆ ಪೂರ್ತಿ ಕೇಳಿಸಿಕೊಂಡರು.

ಬೆಳಿಗ್ಗೆ ಮೊದಲು ದೇವಸ್ಥಾನ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕಾದಂಥ ಓಣಿ, ಎರಡೂ ಕಡೆ ಹೂವು, ಹಿತ್ತಾಳೆ ಚೊಂಬು, ಕಾಲಡಿ ಒದ್ದೆ ಕಲ್ಲು. ಗರ್ಭಗುಡಿ ಹತ್ತಿರವಾಗುತ್ತಲೇ ಮೇಷ್ಟರು ಕಣ್ಣು ಮುಚ್ಚಿ ಭಕ್ತಿಯಿಂದ ಕೈ ಮುಗಿದರು. ಕಣ್ಣು ಬಿಡುವಷ್ಟರಲ್ಲಿ ನೂಕುನುಗ್ಗಲು ಅವರನ್ನು ಆಚೆ ತಂದು ಬಿಟ್ಟಿತ್ತು. ಮುಗಿದ ಕೈ ಕರೆಂಟಿನ ಮೀಟರ್ ಪೆಟ್ಟಿಗೆಯ ಎದುರಿಗಿತ್ತು.

"ದರ್ಶನ ಆಯ್ತಾ?" ಎಂದಳು ಅಕ್ಕ.

"ದಿವ್ಯವಾಗಿ ಆಯ್ತು" ಎಂದರು. ದೇವರ ಮುಂದೆ ಹೋದ ಮಾನ ಹೊಳೆಯಲ್ಲಿ ವಾಪಸ್ ಬರುತ್ತದೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಸ್ನಾನಘಟ್ಟದಲ್ಲಿ ಅವರೇ ಯಜಮಾನರು. "ನೀನು ಈ ಸರಪಳಿ ಹಿಡ್ಕೊ. ಆ ಮೆಟ್ಟಿಲು ದಾಟ್ಬೇಡ."

"ನೀನೂ ಹಿಡ್ಕೊಳ್ಳೋ."

"ನಾನಾ?" ಎಂದು ಮೇಷ್ಟರು ನಕ್ಕರು. ಆ ನಗು ಮುಗಿಯುವ ಮೊದಲೇ ಪಾಚಿ ಅವರ ಕಾಲೆಳೆಯಿತು.

ಕೊಳದ ನೀರು ಇದ್ದಲ್ಲೇ ಇರುತ್ತದೆ. ಇದು ಹೊರಟು ನಿಂತ ನೀರು. ಊರಿಗೆಲ್ಲ ಕಲಿಸಿದ ಪಾಠದಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ನೆನಪಾದದ್ದು ಅಮ್ಮ ಮಾತ್ರ, ಆ ಕೂಗನ್ನೂ ಹೊಳೆ ಅರ್ಧಕ್ಕೇ ನುಂಗಿತು. ತಡಕಾಡಿದ ಕೈಗೆ ಅಕ್ಕನ ಸೆರಗು ಸಿಕ್ಕಿತು. ಅಕ್ಕ ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ತಮ್ಮನ ತಲೆಗೂದಲು ಹಿಡಿದು, ನೆನೆಸಿದ ಕಂಬಳಿ ಎಳೆದಂತೆ ಎಳೆದು ಮೆಟ್ಟಿಲ ಮೇಲೆ ಹಾಕಿದಳು.

ಪಕ್ಕದಲ್ಲಿ ಸ್ನಾನ ಮಾಡುತ್ತಿದ್ದ ಅಜ್ಜಿಯೊಬ್ಬರು ಕನಿಕರದಿಂದ ನೋಡಿದರು. "ತಮ್ಮನಾ? ಪಾಪ, ಈಜು ಬರಲ್ವಾ? ಊರಲ್ಲಿ ಯಾರಾದ್ರೂ ಮೇಷ್ಟ್ರ ಹತ್ರ ಕಲಿಸಮ್ಮ."

"ಒಬ್ರಿದ್ದಾರೆ ಅಜ್ಜಿ. ನೆಚ್ಚಿಕೊಳ್ಳೋ ಹಾಗಿಲ್ಲ" ಎಂದಳು ಅಕ್ಕ, ಮುಖ ಗಂಭೀರ ಮಾಡಿಕೊಂಡು. ಮರುಗಳಿಗೆಗೆ ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗದೆ ನಗತೊಡಗಿದಳು. ಭಾವ ಹೋದ ಮೇಲೆ ಮನೆಯಲ್ಲಿ ಆ ನಗು ಯಾರಿಗೂ ಕೇಳಿಸಿರಲಿಲ್ಲ. ಮೇಷ್ಟರು ಮೂಗಿನಿಂದಲೂ ಬಾಯಿಂದಲೂ ತೀರ್ಥ ಕಕ್ಕುತ್ತ, ಈ ನಗುವಿಗಾದರೆ ಇನ್ನೊಮ್ಮೆ ಜಾರಬಹುದು, ಆದರೆ ಇನ್ನೂ ಎರಡು ಮೆಟ್ಟಿಲು ಮೇಲೆ, ಎಂದುಕೊಂಡರು.

ಅಕ್ಕ ಯಾರ ಪಾಠಕ್ಕೂ ಕಾಯದೆ ಮುಳುಗಿ ಎದ್ದಳು. ಆಮೇಲೆ ಬಿಸಿಲಿಗೆ ಕೂತು ಕೂದಲು ಆರಿಸಿಕೊಳ್ಳುತ್ತ ಕೇಳಿದಳು:

"ನಂಗೂ ಈಜು ಹೇಳ್ಕೊಡ್ತೀಯೇನೋ?"

"ಇಷ್ಟೆಲ್ಲ ನೋಡಿದ್ಮೇಲೂ?"

"ನೋಡಿದ್ದಕ್ಕೇ ಕೇಳ್ತಿರೋದು. ಮುಳುಗೋವಾಗ ಹೇಗಿರತ್ತೆ ಅಂತ ಈಗ ನಿಂಗೂ ಗೊತ್ತಲ್ಲ."

ಮೇಷ್ಟರು ಹೂಂ ಎಂದು ತಲೆಯಾಡಿಸಿದರು.

ಈಗ ಅಕ್ಕ ಕೊಳದ ಆಳವಿಲ್ಲದ ತುದಿಯಲ್ಲಿ ಕಂಬಿ ಹಿಡಿದು ಕಾಲು ಬಡಿಯುತ್ತಾಳೆ. ಹೊಸಬರು ಯಾರಾದರೂ ಹೆದರಿ ನಿಂತರೆ ಮೇಷ್ಟರು ದಂಡೆಯಿಂದ ಗದರುವುದಿಲ್ಲ. ನೀರಿಗಿಳಿದು ಪಕ್ಕದಲ್ಲಿ ನಿಂತು, ತಾವು ಕೊಚ್ಚಿಹೋಗಲಿದ್ದ ಕಥೆ ಹೇಳುತ್ತಾರೆ. ಹೇಳುವಾಗ ಹೊಳೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಆಳವಾಗುತ್ತದೆ.

"ಸೊಂಟದ ಮಟ್ಟ ನೀರಿತ್ತು" ಎಂದು ಅತ್ತ ತುದಿಯಿಂದ ಅಕ್ಕ ತಿದ್ದುತ್ತಾಳೆ.