ಹೊಟ್ಟೆ ಎಳ್ಕೊಂಡು ಕೊಟ್ಟ ಅಳತೆ

ಬೆಳಗ್ಗೆ ಒಂಬತ್ತಾದರೆ ಸಾಕು, ಟೈಲರ್ ಮಾವನ ಅಂಗಡಿ ಮುಂದೆ ಗಾಡಿಗಳು ಮೂತಿಗೆ ಮೂತಿ ತಾಗಿಸ್ಕೊಂಡು ನಿಂತುಬಿಡ್ತವೆ. ಹಾರ್ನ್ ಗದ್ದಲದಲ್ಲಿ ಹೊಲಿಗೆ ಮಿಷನ್ ಓಡ್ತಿದೆಯೋ ಇಲ್ಲವೋ ಅಂತ ಮಾವನಿಗೇ ಗೊತ್ತಾಗಲ್ಲ. ವಾರಕ್ಕೆ ಮೂರು ದಿನ ಅದೇ ಹೊತ್ತಿಗೆ ಮಾವ ತನ್ನ ಹೆಂಡತಿಯನ್ನ, ಅಂದ್ರೆ ಬೀದಿಗೆಲ್ಲಾ ಅತ್ತೆಯನ್ನ, ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು. ತಡವಾದಷ್ಟೂ ಚಿಕಿತ್ಸೆ ಕಮ್ಮಿ, ಯಾಕಂದ್ರೆ ಅದೇ ಹಾಸಿಗೆಗೆ ಇನ್ನೊಬ್ಬರು ಕಾಯ್ತಿರ್ತಾರೆ.

ಹೋದ ತಿಂಗಳು ರಸ್ತೆ ಇಲಾಖೆಯಿಂದ ಒಬ್ಬಳು ಬಂದು, ಮೂಲೆಯಲ್ಲಿ ಸ್ಟೂಲ್ ಹಾಕ್ಕೊಂಡು ಗಾಡಿ ಎಣಿಸಿದಳು. ಬೀದಿಯವರು ಅವಳಿಗೆ ‘ಎಣಿಕೆ ಅಕ್ಕ’ ಅಂತ ಹೆಸರಿಟ್ಟರು. ಅಂಗಡಿಗೊಂದು ಚೀಟಿ ಕೊಟ್ಟು, ದಿನಾ ಒಂಬತ್ತರ ಹೊತ್ತಿಗೆ ಈ ರಸ್ತೇಲಿ ಹೋಗಿ ಸೇರೋಕೆ ಎಷ್ಟು ನಿಮಿಷ ಹಿಡಿಯುತ್ತೆ ಬರೀರಿ ಅಂದಿದ್ದಳು.

ಇವತ್ತು ಕಂಬಕ್ಕೆ ಫಲಿತಾಂಶ ಅಂಟಿಸಲು ಬಂದಳು. ಒಂದನೇ ದರ್ಜೆ ಅಂದ್ರೆ ಸರಾಗ, ಆರನೇದು ಅಂದ್ರೆ ಉಸಿರುಗಟ್ಟಿದ ರಸ್ತೆ. ಈ ರಸ್ತೆಗೆ ಎರಡನೇ ದರ್ಜೆ! ಸಿಗ್ನಲ್ ಬದಲಾವಣೆ ಬೇಕಿಲ್ಲವಂತೆ.

ಅತ್ತೆ ಜೊತೆ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ಮಾವನಿಗೆ ತಲೆಬುಡ ತಿಳಿಯಲಿಲ್ಲ. ಇವತ್ತೂ ನಲವತ್ತು ನಿಮಿಷದ ಚಿಕಿತ್ಸೆ ಹೋಗಿತ್ತು. ಅತ್ತೆಯ ಕಾಲು ಊದಿ ಚಪ್ಪಲಿ ಹಿಡಿಸ್ತಿರಲಿಲ್ಲ.

“ಏನಮ್ಮಾ, ಕಣ್ಣುಮುಚ್ಚಿ ಎಣಿಸಿದ್ಯಾ?”

ಅವಳು ಹಾಳೆ ತೋರಿಸಿದಳು. “ಏಳರಿಂದ ಎಂಟಕ್ಕೆ ಒಂಬೈನೂರು ಗಾಡಿ. ಒಂಬತ್ತರಿಂದ ಹತ್ತಕ್ಕೆ ನಾನೂರು.”

“ಜಾಮ್ ಆದಾಗಲೇ ಕಮ್ಮೀನಾ? ನಿದ್ದೆ ಹೊಡೆದಿದ್ದೀಯ!”

“ಮಾವ, ನಿಂತ ಗಾಡಿ ನನ್ನ ಮುಂದಿನ ಗೆರೆ ದಾಟುತ್ತಾ? ದಾಟಿದ್ದನ್ನ ಮಾತ್ರ ನಾನು ಲೆಕ್ಕ ಹಾಕೋದು.”

“ಅಂದ್ರೆ ಕಮ್ಮಿ ಅಂದ್ರೆ ಜಾಸ್ತಿ?”

“ರಸ್ತೆ ಖಾಲಿಯಿದ್ರೂ ಎಣಿಕೆ ಕಮ್ಮಿ, ಕಟ್ಟಿಕೊಂಡ್ರೂ ಕಮ್ಮಿ. ಯಾವುದು ಅಂತ ಹೇಳ್ಬೇಕಾದ್ದು ನಿಮ್ಮ ಚೀಟಿ. ಇಲ್ಲಿ ನೋಡಿ.”

ಇಪ್ಪತ್ತೆರಡು ಚೀಟಿ. ಎಲ್ಲದರಲ್ಲೂ ‘ಹತ್ತು ನಿಮಿಷ’. ಮಾವನ ಮುಖ ಇಳೀತು. ಜಾಮ್ ಅಂತ ಬರೆದ್ರೆ ಗಿರಾಕಿ ಬರಲ್ಲ, ಎಲ್ಲರೂ ಹತ್ತು ಅಂತಲೇ ಬರೆಯೋಣ ಅಂತ ಅಂಗಡಿಯವರನ್ನ ಒಪ್ಪಿಸಿದ್ದೇ ಅವನು.

“ಇವತ್ತು ಹೋಗೋಕೆ ಎಷ್ಟು ಹೊತ್ತಾಯ್ತುರೀ?” ಅಂದಳು ಅತ್ತೆ.

“ಐವತ್ತು.”

“ಗಿರಾಕಿಗಳಿಗೆ ‘ನಾಳೆ ಬನ್ನಿ’ ಅಂದಂಗೆ ಇದಕ್ಕೂ ಬಾಯಿಗೆ ಬಂದದ್ದು ಬರೆದ್ರಾ? ಹೊಟ್ಟೆ ಎಳ್ಕೊಂಡು ಅಳತೆ ಕೊಟ್ಟವನಿಗೆ ಪ್ಯಾಂಟ್ ಹೊಲಿದ್ರೆ ಏನಾಗುತ್ತೆ?”

“ಗುಂಡಿ ಕೂರಲ್ಲ,” ಅಂದ ಮಾವ. ಆಮೇಲೆ ಅವಳ ಕಾಲು ನೋಡಿದ. “ಅಯ್ಯೋ, ನಿನ್ನ ಚಿಕಿತ್ಸೆಗೆ ನಾನೇ ಕತ್ತರಿ ಹಾಕಿದೆನಲ್ಲೇ!”

“ಹದಿನೈದು ದಿನದೊಳಗೆ ತಕರಾರು ಕೊಟ್ರೆ ಮತ್ತೆ ಅಳೀತಾರೆ,” ಅಂದಳು ಎಣಿಕೆ ಅಕ್ಕ. “ಹೊರಟ ಹೊತ್ತು, ಸೇರಿದ ಹೊತ್ತು, ಎರಡನ್ನೂ ಗಡಿಯಾರ ನೋಡಿ ಬರೀರಿ. ಅಂದಾಜು ಬೇಡ.”

ಸಂಜೆ ಮಾವ ‘ತಕರಾರು ಕೊಡೋಣ, ಈ ಸಲ ನಿಜ ಬರೆಯೋಣ’ ಅಂತ ಅಂಗಡಿ ಅಂಗಡಿ ಸುತ್ತಿದ. ಕ್ಷೌರದಂಗಡಿಯವನು ರಾಗ ಎಳೆದ: “ಗಿರಾಕಿ ಓಡಿಹೋದ್ರೆ?”

“ಓಡೋಕಾದ್ರೂ ರಸ್ತೆ ಬಿಡುವಿರಬೇಕಲ್ಲಯ್ಯಾ! ಸುಮ್ನೆ ಬರಿ.”

ಕಮ್ಮಿ ಹೇಗೆ ಜಾಸ್ತಿ ಆಗುತ್ತೆ ಅನ್ನೋದು ಮಾವನಿಗೆ ಇನ್ನೂ ಪೂರ್ತಿ ತಲೆಗೆ ಹತ್ತಿಲ್ಲ. ಆದ್ರೆ ಮರುಅಳತೆಯ ಮೊದಲ ದಿನ, ಜಾಮ್‌ನಲ್ಲಿ ನಿಂತ ಗಾಡಿಯೊಳಗೆ ಕೂತು ಅತ್ತೆ ಚೀಟಿ ತುಂಬಿದಳು: ಹೊರಟದ್ದು ಒಂಬತ್ತು ಐದು. ಸೇರಿದ ಹೊತ್ತಿನ ಜಾಗ ಖಾಲಿ ಬಿಟ್ಟು, ಗಡಿಯಾರ ನೋಡ್ತಾ ಕಾದಳು.

ನಿಮ್ಮ ಬೀದಿಗೂ ಎಣಿಸುವವರು ಬರಬಹುದು. ಮುಚ್ಚುಮರೆ ಬೇಡ, ಉತ್ಪ್ರೇಕ್ಷೆಯೂ ಬೇಡ. ಆದದ್ದು ಆದಂತೆ ಬರೀರಿ. ನೀವು ಕದ್ದು ಮುಚ್ಚಿಟ್ಟ ನಲವತ್ತು ನಿಮಿಷಕ್ಕಾಗಿ ಆಸ್ಪತ್ರೆಯ ದಾರಿಯಲ್ಲಿ ಯಾರೋ ಕಾಯ್ತಿರ್ತಾರೆ.