ಮಾಳವ್ವನ ನಾಲ್ಕು ಶೀಶೆ

ಹದಿನೇಳು ವರ್ಷ ಗಡಿ ಕಾದವನಿಗೆ ನಾಲ್ಕು ಪುಟ್ಟ ಶೀಶೆಗಳಲ್ಲಿ ಉಗುಳಲು ಧೈರ್ಯವಿರಲಿಲ್ಲ ಎಂದರೆ ನಗುತ್ತೀರಿ. ನಗಿ, ಪರವಾಗಿಲ್ಲ.

ಫೌಜು ಬಿಟ್ಟು ಡಂಬಳಕ್ಕೆ ಬಂದ ಮೇಲೆ ಗದಗಿನ ಬ್ಯಾಂಕೊಂದರಲ್ಲಿ ಬಂದೂಕು ಹಿಡಿದು ಕಾಯುವ ಕೆಲಸ ಸಿಗುವುದರಲ್ಲಿತ್ತು. ನನಗೆ ನಿದ್ದೆ ಸರಿಯಾಗಿ ಬರುತ್ತದೆಂದು ಡಾಕ್ಟರು ಬರೆದುಕೊಡಬೇಕಿತ್ತು, ಅಷ್ಟೇ. ನನ್ನ ನಿದ್ದೆಯೋ! ಕಣ್ಣಿಗೆ ಕಣ್ಣು ಹತ್ತಿತೆಂದರೆ ಮತ್ತೆ ಬಂಕರಿನಲ್ಲಿರುತ್ತಿದ್ದೆ. ಒಮ್ಮೆ ಎಚ್ಚರವಾದಾಗ ನನ್ನ ಕೈ ಹೆಂಡತಿ ಮಾಳವ್ವನ ಕುತ್ತಿಗೆಯ ಮೇಲಿತ್ತು. ಮರುದಿನ ಅವಳು ಕುತ್ತಿಗೆ ತುಂಬ ಸೆರಗು ಹೊದ್ದು ನೀರಿಗೆ ಹೋದಳು. ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಡಾಕ್ಟರ್ ರುಹಿ ಶೀಶೆ ಕೊಟ್ಟು ಹೇಳಿದರು: "ಎದ್ದ ಕೂಡ್ಲೆ, ಮಧ್ಯಾಹ್ನ, ಸಂಜಿ, ಮಲಗೂ ಮುಂದ, ಒಂದೊಂದರಾಗ ಉಗುಳ್ರಿ. ಒತ್ತಡದ ಹಾರ್ಮೋನು ಯಾವಾಗ ಏರತೈತಿ, ಯಾವಾಗ ಇಳಿತೈತಿ ಗೊತ್ತಾಕ್ಕತಿ."

ನನ್ನ ಬಂಡವಾಳ ಬಯಲಾಗುತ್ತದೆಂದು ಶೀಶೆಗಳನ್ನು ಮಾಳವ್ವನ ಕೈಗೆ ಕೊಟ್ಟೆ. ದಿಂಬಿಗೆ ತಲೆ ಕೊಟ್ಟರೆ ಬೆಳಗಿನ ತನಕ ಅಲ್ಲಾಡದ ಹೆಂಗಸು. ಅವಳ ಎಂಜಲು ನನ್ನ ಹೆಸರಿನಲ್ಲಿ ಪಾಸಾಗುತ್ತದೆ ಎಂದುಕೊಂಡಿದ್ದೆ.

"ಗಂಡನ ಮುಂದ ಹೆಂಗ ಉಗುಳ್ಲಿ?" ಎಂದು ನಾಚಿ, ಗೋಡೆಯ ಕಡೆ ತಿರುಗಿ ಉಗುಳಿದಳು. ಯಾಕೆ ಎಂದು ಮಾತ್ರ ಕೇಳಲಿಲ್ಲ.

ಶೀಶೆಗಳನ್ನು ಆಸ್ಪತ್ರೆಗೆ ಕೊಟ್ಟು ಬಂದ ವಾರದ ಮೇಲೆ, ವರದಿ ಕೇಳಲು ಇಬ್ಬರೂ ಗದಗಿಗೆ ಹೋದೆವು. ಅವಳನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ. ಡಾಕ್ಟರು ವರದಿಯನ್ನು ಎರಡು ಸಲ ಓದಿದರು.

"ದ್ಯಾಮಪ್ಪನವರ, ಹಗಲೆಲ್ಲಾ ಚಲೋ ಐತಿ. ಮಲಗೂ ಹೊತ್ತಿಗೆ ಎಲ್ಲಾರಿಗೂ ಇದು ಇಳೀಬೇಕು. ನಿಮಗ ಏರೈತಿ. ಹಾಸಿಗಿ ಕಂಡ್ರ ನಿಮಗ್ಯಾಕ ಇಷ್ಟು ಅಂಜಿಕಿ?"

ಮಾಳವ್ವ ಅಲ್ಲಾಡದೆ ಮಲಗುತ್ತಿದ್ದಳಲ್ಲ, ಅದು ನಿದ್ದೆಯಾಗಿರಲಿಲ್ಲ. ಶತ್ರು ಹತ್ತಿರ ಬಂದಾಗ ನಾವೂ ಹಾಗೆಯೇ ಉಸಿರು ಬಿಗಿಹಿಡಿದು ಬಿದ್ದುಕೊಳ್ಳುತ್ತಿದ್ದೆವು. ಕೆಲಸ ಹೋದರೆ ಹೋಗಲಿ ಎನ್ನಿಸಿತು.

"ಅದು ನಂದಲ್ಲರಿ," ಎಂದೆ. "ನನ್ನ ಹೆಂಡ್ತೀದು. ಆಕಿ ಅಂಜೂದು ನನಗ್ರಿ."

ಡಾಕ್ಟರು ವರದಿಯನ್ನು ಮಡಚಿಟ್ಟು, "ಆಕೀನ್ನ ಒಳಗ ಕರ್ಕೊಂಡು ಬರ್ರಿ," ಎಂದರು.

ಹೊರಗೆ ಬಂದೆ. ಅಷ್ಟು ಗದ್ದಲದಲ್ಲಿ, ಗುರುತಿಲ್ಲದ ಮುದುಕಿಯೊಬ್ಬಳ ಹೆಗಲಿಗೆ ತಲೆ ಕೊಟ್ಟು, ಬಾಯಿ ತೆರೆದುಕೊಂಡು ಮಾಳವ್ವ ಗಾಢವಾಗಿ ನಿದ್ದೆ ಹೋಗಿದ್ದಳು. ಎಬ್ಬಿಸಲೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.